ಧೂಳಿಲ್ಲ ಎಂದು ಬರೆದವರು

ಉತ್ತರಕ್ರಿಯೆಯ ಕಾರ್ಡು ಅಂಚೆಯಲ್ಲಿ ಬಂತು. ಹೆಸರಿನ ಮೇಲೆ ‘ಪರಿಸರಪ್ರೇಮಿಗಳೂ ಜನಾನುರಾಗಿಗಳೂ ಆಗಿದ್ದ’ ಎಂದು ಅಚ್ಚು ಹಾಕಿಸಿದ್ದರು. ನಮ್ಮ ಯಜಮಾನರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, ಅದನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದರು. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನನಗೂ ಗೊತ್ತು. ದೀಪ ಹಚ್ಚುವಾಗ ದಿನವೂ ಯಾರ ಮೇಲೂ ದ್ವೇಷ ಬಾರದ ಹಾಗೆ ನೋಡಿಕೊಳ್ಳಪ್ಪ ಎಂದೇ ಕೇಳಿಕೊಳ್ಳುತ್ತೇನೆ. ಆದರೆ ಈ ಒಬ್ಬರ ವಿಷಯದಲ್ಲಿ ನನ್ನೊಳಗೆ ಇರುವುದು ಸಿಟ್ಟಲ್ಲ, ತಾತ್ಸಾರ. ಅದನ್ನು ದೇವರಿಂದ ಮುಚ್ಚಿಟ್ಟು ಏನು ಪ್ರಯೋಜನ? ಅವನು ಎಲ್ಲವನ್ನೂ ನೋಡಿದ್ದಾನೆ.

ನನ್ನ ತವರು ಮುಳಬಾಗಿಲು. ಎಪ್ಪತ್ತರ ದಶಕದ ಕೊನೆಯಲ್ಲಿ ಯಜಮಾನರಿಗೆ ಮಾಲೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ವರ್ಗವಾಯಿತು. ಮಾಸ್ತಿಗೆ ಹೋಗುವ ಬಸ್ಸಿನಲ್ಲಿ ನಡುದಾರಿಯಲ್ಲಿ ಇಳಿದು ಎರಡು ಮೈಲಿ ನಡೆಯಬೇಕು. ಬಾಡಿಗೆಗೆ ಸಿಕ್ಕಿದ್ದು ಪುಟ್ಟ ಹೆಂಚಿನ ಮನೆ. ಆದರೆ ಸಿಹಿನೀರಿನ ಬಾವಿ ಇತ್ತು, ಮುಂದೆ ಅಂಗಳವಿತ್ತು, ತುಳಸಿಕಟ್ಟೆ ಕಟ್ಟಿಸಿಕೊಳ್ಳಲು ಮನೆಯ ಮಾಲೀಕರು ಬೇಡ ಅನ್ನಲಿಲ್ಲ. ನನಗೆ ಅಷ್ಟು ಸಾಕಾಗಿತ್ತು. ನಾವು ಹೋದ ಮೂರನೇ ವರ್ಷಕ್ಕೆ ಊರ ಪಕ್ಕದ ಗುಡ್ಡಕ್ಕೆ ಗಣಿ ಕಂಪನಿ ಬಂತು. ದೊಡ್ಡ ಕಲ್ಲಿನ ದಿಮ್ಮಿಗಳನ್ನು ಕಡಿದು ಪರದೇಶಕ್ಕೆ ಕಳಿಸುತ್ತಿದ್ದರು. ಉಳಿದ ಚೂರುಗಳನ್ನು ಅಲ್ಲೇ ಕ್ರಷರಿಗೆ ಹಾಕಿ ಜಲ್ಲಿ ಮಾಡುತ್ತಿದ್ದರು. ಕಂಪನಿಯ ಹಿಂದೆಯೇ ಈಗ ಕಾರ್ಡಿನಲ್ಲಿ ಹೆಸರಿರುವ ಇವರು ಬಂದರು.

ಇವರ ಕೆಲಸ ಗುಡ್ಡ ಒಡೆಯುವುದಲ್ಲ, ಗುಡ್ಡ ಒಡೆದದ್ದರಿಂದ ಯಾರಿಗೂ ಏನೂ ಆಗಿಲ್ಲ ಎಂದು ಬರೆಯುವುದು. ವರ್ಷಕ್ಕೊಮ್ಮೆ ನುಣುಪು ಕಾಗದದಲ್ಲಿ ಪುಸ್ತಕ ಅಚ್ಚಾಗುತ್ತಿತ್ತು, ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಅದು ಸರ್ಕಾರದ ಕಚೇರಿಗಳಿಗೆ, ಬ್ಯಾಂಕಿನವರಿಗೆ, ಪತ್ರಿಕೆಯವರಿಗೆ ಹೋಗುತ್ತಿತ್ತು. ಊರಲ್ಲಿ ಎಲ್ಲರೂ ಇವರನ್ನು ರಿಪೋರ್ಟು ಸಾರು ಎನ್ನುತ್ತಿದ್ದರು. ಹೆಸರು ಹೇಳಿದ್ದು ನಾನು ಕೇಳಿಯೇ ಇಲ್ಲ, ಇಲ್ಲಿಯೂ ಬರೆಯುವುದಿಲ್ಲ. ಅವರ ಮಕ್ಕಳು ನನಗೇನೂ ಕೆಟ್ಟದ್ದು ಮಾಡಿಲ್ಲ.

ಯಾವಾಗಲೂ ಬಿಳಿ ಷರಟು, ತುಂಬು ತೋಳು. ಎಲ್ಲಿ ಕೂರಬೇಕಾದರೂ ಮೊದಲು ಕರ್ಚೀಫು ಹಾಸುತ್ತಿದ್ದರು. ಮಾತು ಮಾತ್ರ ಬೆಣ್ಣೆ. ನನ್ನ ಕಾಫಿಯನ್ನು ಹೊಗಳದೆ ಲೋಟ ಕೆಳಗಿಟ್ಟವರಲ್ಲ. ನಮ್ಮ ಮನೆಯ ಮುಂದೆಯೇ ಕಂಪನಿಯ ಲಾರಿಗಳು ಹೋಗುತ್ತಿದ್ದವು. ಲಾರಿಯ ಸದ್ದು ದೂರದಲ್ಲಿ ಕೇಳಿದರೆ ಸಾಕು, ಅವರ ಎಡಗೈ ತಾನಾಗಿಯೇ ಬಂದು ಕಾಫಿ ಲೋಟದ ಬಾಯಿ ಮುಚ್ಚುತ್ತಿತ್ತು. ಲಾರಿ ಹೋಗಿ ಗಾಳಿ ತಿಳಿಯಾದ ಮೇಲೆ ಕೈ ತೆಗೆದು ಮಾತು ಮುಂದುವರಿಸುತ್ತಿದ್ದರು, ಏನೂ ಆಗಿಲ್ಲದ ಹಾಗೆ. ಅವರಿಗೆ ಅದು ಗೊತ್ತಾಗುತ್ತಿತ್ತೋ ಇಲ್ಲವೋ.

‘ಆಗಿದ್ದೆಲ್ಲ ಮರೆತು ಹೋಗುತ್ತೆ ಮೇಷ್ಟ್ರಮ್ಮ, ಬರೆದಿದ್ದು ಮಾತ್ರ ಉಳಿಯುತ್ತೆ’ ಎನ್ನುವುದು ಅವರ ಇಷ್ಟದ ಮಾತು. ಅವರು ಬರೆದದ್ದರಲ್ಲಿ ಯಾವುದೂ ಸಾಯುತ್ತಿರಲಿಲ್ಲ, ಒಣಗುತ್ತಿರಲಿಲ್ಲ, ಬಿರುಕು ಬಿಡುತ್ತಿರಲಿಲ್ಲ. ಸಿಡಿಮದ್ದಿಗೆ ಹೆಂಚು ಉದುರಿದರೆ ‘ಕೆಲವು ಹಳೆಯ ಮನೆಗಳ ದುರಸ್ತಿ ಅಗತ್ಯ ಕಂಡುಬಂದಿದೆ’ ಎಂದಾಗುತ್ತಿತ್ತು. ಒಮ್ಮೆ ಶಾಲೆಯಲ್ಲಿ ‘ನಮ್ಮೂರ ಗಾಳಿ’ ಎಂದು ಪ್ರಬಂಧ ಸ್ಪರ್ಧೆ ಇಟ್ಟರು. ದಂಟಿನ ಸೊಪ್ಪು ನಾಲ್ಕು ನೀರಿನಲ್ಲಿ ತೊಳೆದರೂ ಹಲ್ಲಿಗೆ ಕಲ್ಲು ಸಿಗುತ್ತದೆ ಎಂದು ಒಂದು ಹುಡುಗಿ ಬರೆದಿದ್ದಳು. ಅವಳಿಗೆ ‘ಅಕ್ಷರ ದುಂಡಗಿದೆ’ ಎಂದು ಒಂದು ಸ್ಟೀಲ್ ಲೋಟ ಕೊಟ್ಟು, ಗಾಳಿಯನ್ನು ಹೊಗಳಿದವನಿಗೆ ಮೊದಲ ಬಹುಮಾನ ಕೊಟ್ಟರು.

ಒಳ್ಳೆಯದನ್ನೂ ಹೇಳಬೇಕು. ನಮ್ಮ ಮಗಳಿಗೆ ಜ್ವರ ನೆತ್ತಿಗೇರಿದ ದಿನ ಬಸ್ಸಿರಲಿಲ್ಲ. ಇವರೇ ಜೀಪು ಕಳಿಸಿ ಕೋಲಾರದ ಆಸ್ಪತ್ರೆಗೆ ಸೇರಿಸಿದರು. ಮಗು ಉಳಿಯಿತು. ಆ ಜೀಪನ್ನು ದೇವರೇ ಕಳಿಸಿದ್ದು ಎಂದು ನಂಬಿದ್ದೇನೆ, ಈಗಲೂ. ಆದರೆ ಆ ವರ್ಷದ ಪುಸ್ತಕದಲ್ಲಿ ‘ಗ್ರಾಮಸ್ಥರಿಗೆ ತುರ್ತು ವೈದ್ಯಕೀಯ ಸೇವೆ’ ಎಂಬ ಸಾಲು ಬಂತು. ನಮ್ಮ ಮಗುವಿನ ಒಂದು ಜ್ವರ, ಅವರಿಗೆ ಒಂದು ಸಾಲು.

ಜಾಡಿ ಬಂದದ್ದು ಅದಾದ ಮೇಲೆ. ಒಂದು ಬೆಳಿಗ್ಗೆ ನಾನು ಅಂಗಳ ತೊಳೆದು ರಂಗೋಲಿ ಇಡುತ್ತಿದ್ದಾಗ ಇವರು ಗೇಟಿನ ಬಳಿ ನಿಂತಿದ್ದರು. ಹಿಂದೆ ಒಬ್ಬ ಆಳು, ಅವನ ಕೈಯಲ್ಲಿ ಕಬ್ಬಿಣದ ಮುಕ್ಕಾಲಿ ಸ್ಟ್ಯಾಂಡು, ಅಗಲ ಬಾಯಿಯ ಒಂದು ಗಾಜಿನ ಜಾಡಿ.

‘ಮೇಷ್ಟ್ರಮ್ಮ, ಇದು ಗಾಳಿ ಅಳೆಯೋ ಪಾತ್ರೆ. ಇಡೀ ಊರಿಗೆ ಒಂದೇ. ನಿಮ್ಮ ತುಳಸಮ್ಮನ ಪಕ್ಕ ಇಡ್ಲಾ?’

‘ನಮ್ಮನೇಲೇ ಯಾಕೆ ಸಾರ್? ಹುಳ ಸಾಕೋ ಮುನಿರತ್ನಮ್ಮ ಜಾಗ ಕೊಡ್ತೀನಿ ಅಂದ್ಲಂತೆ. ಅವಳ ಮನೆ ಕ್ರಷರಿಗೆ ಹತ್ತಿರಾನೂ ಹೌದು.’

‘ಅಲ್ಲಿ ದನ, ಕೋಳಿ, ಗಲಾಟೆ. ಇದು ಬಲು ಶುದ್ಧವಾಗಿರಬೇಕಾದ ಸಾಮಾನು. ನಿಮ್ಮ ಅಂಗಳ ಹೇಗಿದೆಯೋ ಹಾಗೇ ಇರ್ಬೇಕು ಇದು.’

ನನಗೆ ಹೆಮ್ಮೆಯಾಯಿತು. ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಹೆಮ್ಮೆಯೇ.

ಜಾಡಿಯ ತಳದಲ್ಲಿ ನಾಲ್ಕು ಬೆರಳು ನೀರು ಹಾಕಿ ಹೋದರು. ಮಾರನೆಯ ಬೆಳಿಗ್ಗೆ ಪ್ರದಕ್ಷಿಣೆ ಬರುವಾಗ ನೋಡುತ್ತೇನೆ, ನೀರು ಬೂದಿ ಬಣ್ಣಕ್ಕೆ ತಿರುಗಿ, ಮೇಲೊಂದು ನೊಣ ತೇಲುತ್ತಿತ್ತು. ತುಳಸಿಯ ಪಕ್ಕದಲ್ಲಿ ಅಂಥ ನೀರು ಇಟ್ಟುಕೊಂಡು ಪೂಜೆ ಮಾಡುವುದು ಹೇಗೆ? ಅದನ್ನು ದೂರ ಚೆಲ್ಲಿ, ಹುಣಸೆಹಣ್ಣು ಹಾಕಿ ಉಜ್ಜಿ, ಬಾವಿಯ ನೀರಲ್ಲಿ ತೊಳೆದು, ಮತ್ತೆ ನಾಲ್ಕೇ ಬೆರಳು ನೀರು ಹಾಕಿಟ್ಟೆ. ಅವತ್ತಿನಿಂದ ಅದೂ ನನ್ನ ಬೆಳಗಿನ ಪಾತ್ರೆಗಳಲ್ಲಿ ಒಂದಾಯಿತು. ಒಂದು ದಿನವೂ ತಪ್ಪಿಸಲಿಲ್ಲ. ತಿಂಗಳ ಕೊನೆಗೆ ಆಳು ಬಂದು ಜಾಡಿಯ ನೀರನ್ನು ಸೀಸೆಗೆ ಬಗ್ಗಿಸಿಕೊಂಡು ಹೋಗುತ್ತಿದ್ದ, ಹೊಸ ನೀರು ಹಾಕುತ್ತಿದ್ದ. ಯಜಮಾನರು ಅಷ್ಟು ಹೊತ್ತಿಗೆ ಶಾಲೆಯಲ್ಲಿ ಇರುತ್ತಿದ್ದರು. ನಾನು ಏನೇನು ತೊಳೆಯುತ್ತೇನೆ ಎಂದು ಯಾವ ಗಂಡಸು ಕೇಳುತ್ತಾನೆ?

ಆ ವರ್ಷದ ಪುಸ್ತಕ ತಂದುಕೊಟ್ಟಾಗ ಅದರಲ್ಲಿ ನಮ್ಮ ಅಂಗಳದ ಫೋಟೋ ಇತ್ತು. ತುಳಸಿ, ರಂಗೋಲಿ, ಜಾಡಿ. ಗುಡ್ಡ ಮಾತ್ರ ಇಡೀ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಫೋಟೋದ ಕೆಳಗೆ, ಊರಿನ ನಡುವೆ ಒಂದು ಮನೆಯಲ್ಲಿಟ್ಟ ಜಾಡಿಯಲ್ಲಿ ವರ್ಷವಿಡೀ ಗಣನೆಗೆ ಬರುವಷ್ಟು ಧೂಳು ಕಂಡಿಲ್ಲ ಎಂದಿತ್ತು. ನಾನು ಆ ಪುಸ್ತಕವನ್ನು ಬಂದವರಿಗೆಲ್ಲ ತೋರಿಸಿದೆ. ಮುಳಬಾಗಿಲಿಗೂ ಒಯ್ದು ಅಮ್ಮನಿಗೆ ತೋರಿಸಿದೆ.

ಮುನಿರತ್ನಮ್ಮ ರೇಷ್ಮೆ ಹುಳ ಸಾಕುತ್ತಿದ್ದಳು. ಗಂಡ ತೀರಿಹೋಗಿದ್ದ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಮಣ್ಣಿನ ಹುಳದ ಮನೆ, ಬಾಯಿ ತುಂಬ ತೆಲುಗು ಬೆರೆತ ಮಾತು, ಇಷ್ಟೇ ಅವಳ ಆಸ್ತಿ. ಕ್ರಷರ್ ಶುರುವಾದ ಮೇಲೆ ಸೊಪ್ಪಿನ ಮೇಲೆ ಬಿಳಿ ಪುಡಿ ಕೂರುತ್ತಿತ್ತು. ಹಾಗೇ ಹಾಕಿದರೆ ಹುಳ ಮೂತಿ ತಿರುಗಿಸುತ್ತಿತ್ತು, ತೊಳೆದು ಹಾಕಿದರೆ ನೀರು ಆರದ ಸೊಪ್ಪು ತಿಂದು ಕರಗಿ ಸಾಯುತ್ತಿತ್ತು. ಸಾಲಾಗಿ ಮೂರು ಬೆಳೆ ಹೋಗಿತ್ತು. ನಾಲ್ಕನೆಯದೂ ಹೋದ ಮೇಲೆ ಒಂದು ದಿನ ಬೆಳಿಗ್ಗೆ ಬಂದು ನಮ್ಮ ಗೇಟಿನ ಬಳಿ ಕುಕ್ಕರುಗಾಲಲ್ಲಿ ಕೂತಳು.

‘ರೇಷ್ಮೆ ಇಲಾಖೆ ಸಾಹೇಬ್ರು ಬಂದಿದ್ರು ಮೇಷ್ಟ್ರಮ್ಮ. ಧೂಳಿಂದ ಸತ್ತೋಗ್ತಾ ಅವೆ ಸಾಮಿ ಅಂದೆ. ಆ ಪುಸ್ತಕ ತೆಗ್ದು ತೋರ್ಸಿದ್ರು. ಊರಾಗೆ ಧೂಳೇ ಇಲ್ಲ ಅಂತ ಬರ್ದೈತೆ, ನೀನು ಹುಳದ ಮನೆ ಕೊಳಕಾಗಿ ಇಟ್ಕೊಂಡಿದೀಯ, ಅದ್ಕೇ ರೋಗ ಅಂದ್ರು. ಎಲ್ಲರ ಮುಂದೆ.’

‘ನಿನ್ನ ಮನೆ ಕೊಳಕಾ? ಯಾರು ಹೇಳಿದ್ದು?’

‘ನಿಮ್ಮ ಜಾಡಿ ಹೇಳಿದ್ದು.’

ಜಾಡಿಯನ್ನು ಆಗ ತಾನೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ್ದೆ. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

‘ಇದನ್ನ ಯಾರು ತೊಳೀತಾರೆ?’

‘ನಾನೇ.’

‘ದಿನಾ?’

‘ದಿನಾ. ಶನಿವಾರ ಎರಡು ಸಲ.’

ಅವಳು ಬೈಯಲಿಲ್ಲ. ‘ಅಯ್ಯೋ ತಲ್ಲೀ’ ಎಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ನಗು ನೋಡಿದಾಗಲೇ ನನಗೆ ಅರ್ಥವಾಯಿತು. ಎರಡು ವರ್ಷ ನಾನು ಪುಣ್ಯ ಎಂದುಕೊಂಡು ಉಜ್ಜಿದ್ದು ಇವಳ ಹೊಟ್ಟೆಯನ್ನು.

ಅದೇ ತಿಂಗಳು ಊರಿನಲ್ಲಿ ಡಂಗುರವಾಯಿತು. ಕಂಪನಿ ಇನ್ನೊಂದು ಕ್ರಷರ್ ಹಾಕುತ್ತದೆ, ಮುನಿರತ್ನಮ್ಮನ ತೋಟದ ಬದುವಿಗೆ ಅಂಟಿಕೊಂಡ ಜಾಗದಲ್ಲಿ. ತಕರಾರು ಇದ್ದವರು ಮೂರು ವಾರ ಬಿಟ್ಟು ಶಾಲೆಯ ಹತ್ತಿರ ಕೋಲಾರದ ಸಾಹೇಬರ ಮುಂದೆ ಹೇಳಬಹುದು ಎಂದು. ಅದು ಬಂದರೆ ಅವಳು ತೋಟ ಬಿಟ್ಟು ಕೂಲಿಗೆ ಹೋಗಬೇಕಿತ್ತು, ಕೊಳಕಿ ಎಂಬ ಹೆಸರನ್ನೂ ಹೊತ್ತುಕೊಂಡು.

ಯಜಮಾನರಿಗೆ ಹೇಳಿದೆ. ಶಾಲೆಗೆ ಬೆಂಚು ಕೊಟ್ಟಿದ್ದು ಕಂಪನಿ, ಸರ್ಕಾರಿ ನೌಕರಿ, ಅವರಿಗೆ ಭಯ.

‘ನೀನು ತೊಳೀತಿದ್ದೆ ಅಂತ ಸಭೇಲಿ ಹೇಳಿದ್ರೆ ನಗ್ತಾರೆ ಕಣೇ.’

‘ನಗ್ಲಿ ಬಿಡಿ. ಅವಳ ಮನೆ ಕೊಳಕು ಅಂದಾಗ ಯಾರೂ ನಗಲಿಲ್ಲವಲ್ಲ.’

ಅವರು ಬೇಡ ಎನ್ನಲಿಲ್ಲ. ಅದೂ ದೇವರ ದಯೆ.

ಆ ಮೂರು ವಾರ ನಾನು ಜಾಡಿ ಮುಟ್ಟಲಿಲ್ಲ. ಇದು ಎಷ್ಟು ಕಷ್ಟವಾಯಿತು ಎಂದು ಹೇಳಿದರೆ ನಂಬುವುದಿಲ್ಲ. ದಿನ ಕಳೆದ ಹಾಗೆ ತಳದಲ್ಲಿ ರಾಡಿ ಕೂರುತ್ತಿತ್ತು. ಅದರ ಪಕ್ಕದಲ್ಲೇ ತುಳಸಿಗೆ ನೀರು ಹಾಕಬೇಕು. ಕಣ್ಣು ಮುಚ್ಚಿಕೊಂಡು ಸುತ್ತು ಬಂದು, ತಾಯಿ, ಇದು ಸೋಮಾರಿತನ ಅಲ್ಲ, ಸಾಕ್ಷಿ ಎಂದು ಹೇಳಿಕೊಳ್ಳುತ್ತಿದ್ದೆ.

ಸಭೆಯ ದಿನ ಶಾಲೆಯ ಮುಂದೆ ಶಾಮಿಯಾನ. ಅವತ್ತು ಬೆಳಿಗ್ಗೆಯೇ ಕಂಪನಿಯವರು ರಸ್ತೆಗೆ ಟ್ಯಾಂಕರಿನಲ್ಲಿ ನೀರು ಹೊಡೆಸಿದ್ದರು. ಇವರು ಬಿಳಿ ಷರಟಿನಲ್ಲಿ ಎದ್ದು ನಿಂತು ಪುಸ್ತಕ ಓದಿದರು. ಊರಿನ ಗೌರವಾನ್ವಿತ ಗೃಹಿಣಿಯೊಬ್ಬರ ಅಂಗಳದಲ್ಲಿಟ್ಟ ಜಾಡಿಯೇ ಸಾಕ್ಷಿ ಎಂದರು. ಮುನಿರತ್ನಮ್ಮ ನನ್ನ ಮೊಣಕೈ ಚುಚ್ಚಿದಳು. ಎದ್ದೆ. ಸೆರಗು ಹೊದ್ದು, ಜಾಡಿಯನ್ನು ಮಗುವಿನ ಹಾಗೆ ಹಿಡಿದುಕೊಂಡು ಹೋಗಿ ಸಾಹೇಬರ ಮೇಜಿನ ಮೇಲಿಟ್ಟೆ.

‘ಆ ಗೃಹಿಣಿ ನಾನೇ ಸಾರ್. ಇದನ್ನ ಎರಡು ವರ್ಷ ದಿನಾ ತೊಳೆದಿದ್ದೀನಿ. ಯಾರೂ ಬೇಡ ಅನ್ನಲಿಲ್ಲ. ಮೂರು ವಾರದಿಂದ ತೊಳೆದಿಲ್ಲ. ನೋಡಿ.’

ಜನ ನಕ್ಕರು. ಯಜಮಾನರು ತಲೆ ತಗ್ಗಿಸಿದರು. ರಿಪೋರ್ಟು ಸಾರು ಮಾತ್ರ ಒಂದು ಚೂರೂ ಗಲಿಬಿಲಿಗೊಳ್ಳಲಿಲ್ಲ. ಬಗ್ಗಿ ಜಾಡಿಯೊಳಗೆ ಇಣುಕಿ, ‘ಸಾರ್, ಅಮ್ಮನವರು ಬಹಳ ಭಕ್ತೆ. ದಿನಾ ಅಂಗಳ ತುಂಬ ರಂಗೋಲಿ. ಗಾಳಿಗೆ ಅದೇ ಪುಡಿ ಹಾರಿ ಬಿದ್ದಿದೆ’ ಎಂದರು. ನಗು ಇನ್ನೂ ಜೋರಾಯಿತು.

ನನಗೆ ಅವತ್ತು ಧೈರ್ಯ ಎಲ್ಲಿಂದ ಬಂತೋ. ‘ನಮ್ಮ ಮನೇಲಿ ಕಲ್ಲಿನ ಪುಡಿ ತರಲ್ಲ ಸಾರ್. ಅಕ್ಕಿಹಿಟ್ಟಿಂದ ಇಡೋದು, ಇರುವೆಗೆ ಊಟವಾಗ್ಲಿ ಅಂತ. ಇಡೀ ಊರಿಗೆ ಗೊತ್ತು. ಹಿಟ್ಟು ಮೂರು ವಾರ ನೀರಲ್ಲಿದ್ರೆ ಹುಳಿ ವಾಸನೆ ಬರ್ಬೇಕು. ಮೂಸಿ ನೋಡಿ.’

ಸಾಹೇಬರು ಮೂಸಿದರು. ಅಷ್ಟರಲ್ಲಿ ಮುನಿರತ್ನಮ್ಮ ನುಗ್ಗಿ ಬಂದು ಬೆರಳದ್ದಿ, ಹಲ್ಲಿನ ನಡುವೆ ಇಟ್ಟು ಕಡಿದಳು. ಮುಂದಿನ ಸಾಲಿನವರಿಗೆ ಆ ಸದ್ದು ಕೇಳಿಸಿತು.

‘ಹಿಟ್ಟು ಹಿಂಗೆ ಕರಕರ ಅಂತೈತಾ ಸಾಮಿ? ನೀವೂ ಕಡೀರಿ.’

ಸಾಹೇಬರು ಕಡಿಯಲಿಲ್ಲ. ಒಂದಿಷ್ಟನ್ನು ಬೆರಳುಗಳ ನಡುವೆ ಉಜ್ಜಿ, ಕರ್ಚೀಫಿಗೆ ಒರೆಸಿಕೊಂಡು, ‘ಜಾಗದ ವಿಷಯ ಮತ್ತೆ ಪರಿಶೀಲಿಸೋಣ’ ಎಂದರು. ಅಷ್ಟೇ. ಯಾರಿಗೂ ಶಿಕ್ಷೆಯಾಗಲಿಲ್ಲ. ಆದರೆ ಎರಡನೇ ಕ್ರಷರ್ ಬದುವಿನ ಪಕ್ಕಕ್ಕೆ ಬರಲಿಲ್ಲ. ಹಳೆಯ ಕ್ರಷರಿಗೆ ತಗಡಿನ ಮರೆ ಕಟ್ಟಿ ನೀರು ಸಿಂಪಡಿಸಲು ಶುರುಮಾಡಿದರು, ವಾರಕ್ಕೆ ನಾಲ್ಕು ದಿನವಾದರೂ. ಮುಂದಿನ ಬೆಳೆಯಲ್ಲಿ ಮುನಿರತ್ನಮ್ಮನ ಹುಳ ಪೊರೆ ಬಿಡುವ ನಾಲ್ಕೂ ಜ್ವರ ದಾಟಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತಿದವು. ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ ಹಳದಿ ಗೂಡು ತೋರಿಸಿದಳು.

ಸಭೆಯಾಗಿ ಹದಿನೈದು ದಿನಕ್ಕೆ ರಿಪೋರ್ಟು ಸಾರು ಏನೂ ಆಗದವರಂತೆ ಕಾಫಿಗೆ ಬಂದರು. ಬಂದವರಿಗೆ ಇಲ್ಲ ಅನ್ನುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ, ಕೊಟ್ಟೆ.

‘ನಾನು ತೊಳೀತಿದ್ದಿದ್ದು ನಿಮಗೆ ಗೊತ್ತಿತ್ತಾ ಸಾರ್?’

ಅವರು ನಕ್ಕರು. ‘ಗೊತ್ತಿಲ್ದೆ ನಿಮ್ಮನೇನೇ ಆರಿಸ್ಕೊಂಡ್ನಾ ಮೇಷ್ಟ್ರಮ್ಮ? ಮೂರು ದಿನ ಬೆಳಿಗ್ಗೆ ಊರೆಲ್ಲ ಸುತ್ತಿದೆ. ಎರಡೆರಡು ಸಲ ಅಂಗಳ ತೊಳೆಯೋ ಮನೆ ನಿಮ್ಮದೊಂದೇ.’ ಇದನ್ನು ಹೊಗಳಿಕೆಯ ಹಾಗೆ ಹೇಳಿದರು. ‘ನಾನಂತೂ ಸುಳ್ಳು ಬರೀಲಿಲ್ಲ. ಜಾಡೀಲಿ ಇರ್ಲಿಲ್ಲ, ಇಲ್ಲ ಅಂತ ಬರೆದೆ.’

ಸುಳ್ಳು ಹೇಳುವವರನ್ನು ನಾನು ಕಂಡಿದ್ದೇನೆ. ಅವರಿಗೆ ಒಳಗೊಂದು ಅಳುಕಾದರೂ ಇರುತ್ತದೆ, ದೇವರ ಮುಂದೆ ಕಣ್ಣು ತಪ್ಪಿಸುತ್ತಾರೆ. ಇವರು ತಮ್ಮ ಸುಳ್ಳನ್ನು ಸ್ನಾನ ಮಾಡಿ ಮಡಿಯಲ್ಲಿದ್ದ ಇನ್ನೊಬ್ಬರ ಕೈಯಲ್ಲಿ ಮಾಡಿಸಿಕೊಂಡು, ತಾವು ಬಿಳಿ ಷರಟಿನಲ್ಲಿ ಉಳಿದರು. ಅಷ್ಟು ಸಣ್ಣ ಮನುಷ್ಯನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಗಲೇ ಲಾರಿ ಬಂತು, ಎಡಗೈ ಲೋಟದ ಮೇಲೆ ಹೋಯಿತು.

‘ಕೈ ತೆಗೀರಿ ಸಾರ್’ ಎಂದೆ. ‘ಇಲ್ಲಿ ಧೂಳಿಲ್ಲವಲ್ಲ.’

ನಗುವ ಹಾಗೆ ಮಾಡಿದರು. ಕೈ ತೆಗೆಯಲಿಲ್ಲ. ಅದಾದ ಮೇಲೆ ನಮ್ಮ ಮನೆಗೆ ಬರಲಿಲ್ಲ.

ಮುಂದಿನ ಪುಸ್ತಕವನ್ನು ಯಜಮಾನರು ಶಾಲೆಯಲ್ಲಿ ನೋಡಿದರಂತೆ. ಗ್ರಾಮಸ್ಥರ ಭಾವನೆಗೆ ಬೆಲೆ ಕೊಟ್ಟು ಕಂಪನಿ ತಾನಾಗಿಯೇ ಹೊಸ ಕ್ರಷರನ್ನು ಗುಡ್ಡದ ಆಚೆ ಬದಿಗೆ ಸಾಗಿಸಿದೆ ಎಂದು ಬರೆದಿದ್ದರು. ಅಲ್ಲಿಯೂ ಒಂದು ಜಾಡಿ ಇಟ್ಟಿದ್ದಾರೆ, ಧೂಳು ಕಂಡಿಲ್ಲ.

ಅದನ್ನು ಅವರು ನನಗೆ ಹೇಳಿದ್ದು ರಾತ್ರಿ. ನಮ್ಮ ಬದಿಯಿಂದ ಇಳಿಸಿದ ಹೊರೆಯನ್ನು ಇನ್ನೊಬ್ಬರ ತಲೆಗೆ ಹೊರಿಸಿದ್ದರು, ಅದಕ್ಕೆ ಅರ್ಧ ಕಾರಣ ನಾನು. ಬೆಳಿಗ್ಗೆ ಮುನಿರತ್ನಮ್ಮನಿಗೆ ಹೇಳಿದೆ. ‘ಅಲ್ಲೂ ಹುಳ ಸಾಕ್ತಾರೆ ಕಣಮ್ಮ’ ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಗುಡ್ಡ ಬಳಸಿ ನಾಲ್ಕು ಮೈಲಿ ನಡೆದೆವು. ಮನೆ ಹುಡುಕಲು ಕಷ್ಟವಾಗಲಿಲ್ಲ. ಬೀದಿಯಲ್ಲಿ ಎಲ್ಲಕ್ಕಿಂತ ಸ್ವಚ್ಛವಾಗಿದ್ದ ಅಂಗಳದ ಮುಂದೆ ನಿಂತೆವು, ಜಾಡಿ ಅಲ್ಲೇ ಇತ್ತು, ತಿಳಿನೀರಿನೊಂದಿಗೆ.

ಮನೆಯ ಹೆಂಗಸಿಗೆ ಮೂವತ್ತು ಇರಬಹುದು. ಕೂರಿಸಿ ಮಜ್ಜಿಗೆ ಕೊಟ್ಟಳು. ಪಡಸಾಲೆಯಲ್ಲಿ ಹುಳದ ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿದ್ದಳು. ಎಲ್ಲವೂ ಖಾಲಿ.

‘ಆ ಜಾಡಿ ತೊಳೀಬೇಡಮ್ಮ’ ಎಂದೆ.

‘ತೊಳೀದೆ ಹೆಂಗಕ್ಕ? ಬಂದೋರು ಏನಂದ್ಕೋತಾರೆ?’

ಮೊದಲಿಂದ ಕೊನೆಯವರೆಗೆ ಹೇಳಿದೆ, ನನ್ನ ಹೆಮ್ಮೆಯನ್ನೂ ಬಿಡದೆ. ಮುನಿರತ್ನಮ್ಮ ನಡುನಡುವೆ ತೆಲುಗಿನಲ್ಲಿ ಬೈಗುಳ ಸೇರಿಸುತ್ತಿದ್ದಳು. ಆ ಹೆಂಗಸು ಕಂಪನಿಯನ್ನೂ ಬೈಯಲಿಲ್ಲ, ರಿಪೋರ್ಟು ಸಾರನ್ನೂ ಬೈಯಲಿಲ್ಲ. ಎಲ್ಲ ಕೇಳಿ, ಖಾಲಿ ತಟ್ಟೆಗಳ ಕಡೆಯೇ ನೋಡುತ್ತ ಕೂತಳು.

‘ಹಂಗಾದ್ರೆ ನಮ್ಮ ಹುಳ ಸತ್ತಿದ್ದು ನನ್ನ ಕೊಳಕಿಂದ ಅಲ್ಲ ಅಂತೀರಾ ಅಕ್ಕ?’

‘ಅಲ್ಲ ಕಣೇ’ ಎಂದಳು ಮುನಿರತ್ನಮ್ಮ.

‘ನಮ್ಮತ್ತೆಗೂ ಒಂದ್ಸಲ ಹೇಳ್ತೀರಾ?’ ಎಂದು ಕೇಳಿ, ನಮ್ಮ ಉತ್ತರಕ್ಕೂ ಕಾಯದೆ ಅವಳು ಒಳಗಿದ್ದ ಮುದುಕಿಯನ್ನು ಕರೆದುಕೊಂಡು ಬರಲು ಎದ್ದು ಓಡಿದಳು.